ಹಸಿರು ಬಣ್ಣದ ನೀರು: ಕುದಿಸಿ ಕುಡಿದರೆ ಸಾಕೇ?

ತುಂಗಭದ್ರಾ ಜಲಾಶಯದ ನೀರು ಹಸಿರಾದಾಗಲೆಲ್ಲ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶ ಓಡಾಡುತ್ತವೆ. ಒಂದರ ಪ್ರಕಾರ ನೀರೆಲ್ಲ ವಿಷ. ಇನ್ನೊಂದರ ಪ್ರಕಾರ ಅದು ಬರೀ ಪಾಚಿ, ಕುದಿಸಿ ಕುಡಿದರೆ ಏನೂ ಆಗದು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗಕ್ಕೆ ಈ ಜಲಾಶಯದ ಕಾಲುವೆಗಳೇ ಜೀವನಾಡಿ. ಹಾಗಾಗಿ ಉತ್ತರ ತಿಳಿದಿರಬೇಕು.

ನೀರು ಹಸಿರಾಗುವುದೇಕೆ?

ಹೊಲದ ಗೊಬ್ಬರ ಮತ್ತು ಊರಿನ ಚರಂಡಿಯಿಂದ ಸಾರಜನಕ, ರಂಜಕ ನೀರಿಗೆ ಸೇರುತ್ತವೆ. ಬಿಸಿಲು ಇದ್ದು, ನೀರು ನಿಂತಿದ್ದರೆ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ವಿಪರೀತ ಹೆಚ್ಚುತ್ತವೆ. ಅವುಗಳಲ್ಲಿರುವ ಕ್ಲೋರೋಫಿಲ್ ಎಂಬ ವರ್ಣದ್ರವ್ಯದಿಂದ ನೀರಿಗೆ ಹಸಿರು ಬಣ್ಣ ಬರುತ್ತದೆ.

ಅಳೆಯುವುದು ಹೇಗೆ?

ಗೊತ್ತಾದ ಪ್ರಮಾಣದ ನೀರನ್ನು ಗಾಜಿನ ನಾರಿನ ಫಿಲ್ಟರ್‌ನಲ್ಲಿ ಸೋಸುತ್ತಾರೆ. ಬೆಳಕು ತಾಗಿದರೆ ಕ್ಲೋರೋಫಿಲ್ ಹಾಳಾಗುತ್ತದೆ. ಅದಕ್ಕೇ ಫಿಲ್ಟರನ್ನು ಕತ್ತಲಲ್ಲಿ, ತಂಪಾಗಿ ಇಡಬೇಕು. ನಂತರ ಶೇ 90ರ ಅಸಿಟೋನ್‌ನಲ್ಲಿ ಬಣ್ಣವನ್ನು ಬಿಡಿಸಿ, ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 664 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ನೋಡುತ್ತಾರೆ. ಹೆಚ್ಚು ಹೀರಿದಷ್ಟೂ ಪಾಚಿ ಹೆಚ್ಚು. ನೇತ್ರಾವತಿ, ಕಾಳಿಯಂಥ ನದಿಗಳ ಅಳಿವೆಯ ಉಪ್ಪು ನೀರಿಗೂ ಇದೇ ವಿಧಾನ ಸಲ್ಲುತ್ತದೆ.

ಆದರೆ ಕ್ಲೋರೋಫಿಲ್ ಎಲ್ಲ ಪಾಚಿಯಲ್ಲೂ ಇದೆ. ವಿಷ ತಯಾರಿಸಬಲ್ಲ ನೀಲಿ-ಹಸಿರು ಪಾಚಿಯ ಸುಳಿವು ಕೊಡುವುದು ಫೈಕೋಸಯನಿನ್ ಎಂಬ ಇನ್ನೊಂದು ವರ್ಣದ್ರವ್ಯ. ಅದು 620 ನ್ಯಾನೋಮೀಟರ್ ಹತ್ತಿರದ ಬೆಳಕನ್ನು ಹೀರುತ್ತದೆ. ಅದು ಸಿಕ್ಕ ಮಾತ್ರಕ್ಕೆ ನೀರಿನಲ್ಲಿ ವಿಷವಿದೆ ಎಂದಲ್ಲ. ವಿಷವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಎಷ್ಟಿದ್ದರೆ ಅಪಾಯ?

ನೀಲಿ-ಹಸಿರು ಪಾಚಿಯೇ ಹೆಚ್ಚಿರುವ ಕುಡಿಯುವ ನೀರಿನ ಮೂಲದಲ್ಲಿ ಲೀಟರಿಗೆ 12 ಮೈಕ್ರೋಗ್ರಾಂ ಕ್ಲೋರೋಫಿಲ್ ಕಂಡರೆ ಅದು ಎರಡನೇ ಹಂತದ ಎಚ್ಚರಿಕೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೀವನಪೂರ್ತಿ ಕುಡಿಯುವ ನೀರಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್-ಎಲ್‌ಆರ್ ವಿಷಕ್ಕೆ ಅದು ಸೂಚಿಸಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ.

ಕುದಿಸಿದರೆ?

ಕುದಿಸಿದರೆ ರೋಗಾಣು ಸಾಯುತ್ತವೆ, ಮೈಕ್ರೋಸಿಸ್ಟಿನ್ ನಾಶವಾಗುವುದಿಲ್ಲ. ಪಾಚಿಯ ಕೋಶ ಒಡೆದು ಒಳಗಿನ ವಿಷ ನೀರಿಗೆ ಬಿಡುಗಡೆಯಾಗಲೂಬಹುದು. ಶುದ್ಧೀಕರಣ ಘಟಕದಲ್ಲಿ ಮೊದಲು ಪಾಚಿಯನ್ನು ಸೋಸಿ ತೆಗೆದು, ನಂತರ ಕ್ಲೋರಿನ್ ಹಾಕುವುದು ಸರಿಯಾದ ಕ್ರಮ.

ನೀವೇನು ಮಾಡಬಹುದು?

ಕೊಳಗಲ್ಲಿನಂಥ ಊರಿನಲ್ಲಿ ಕೆರೆ ಅಥವಾ ಕಾಲುವೆಯ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪದರ ಕಂಡರೆ ಆ ನೀರನ್ನು ನೇರವಾಗಿ ಕುಡಿಯಬೇಡಿ. ದನಕರುಗಳಿಗೂ ಕುಡಿಸಬೇಡಿ, ಮಕ್ಕಳನ್ನು ಈಜಲು ಬಿಡಬೇಡಿ. ಗ್ರಾಮ ಪಂಚಾಯಿತಿಗೆ ತಿಳಿಸಿ, ನೀರಿನ ಪರೀಕ್ಷೆ ಮಾಡಿಸಲು ಕೇಳಿ.

ತೀರ್ಮಾನ: ಹಸಿರು ನೀರೆಲ್ಲ ವಿಷ ಎಂಬುದು ತಪ್ಪು. ಕುದಿಸಿದರೆ ಸಾಕು ಎಂಬುದೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ. ಅದನ್ನು ಫಾರ್ವರ್ಡ್ ಮಾಡಬೇಡಿ.