ಮೂರು ಕುಲದ ಎಣ್ಣೆಗಳು

ಭದ್ರಾ ನದಿಯ ಅಣೆಕಟ್ಟಿನಿಂದ ನಾಡಿಗೆಲ್ಲ ಪರಿಚಿತವಾದ ಊರು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ. ಮಾಗಿಯ ಮುಂಜಾವಿನಲ್ಲಿ ಅಲ್ಲಿಯ ಮನೆಗಳಲ್ಲಿ ಒಂದು ಸೋಜಿಗವನ್ನು ಕಾಣಬಹುದು. ತಲೆಗೆ ಹಚ್ಚಲೆಂದು ಇಟ್ಟ ಕೊಬ್ಬರಿ ಎಣ್ಣೆ ಸೀಸೆಯೊಳಗೆ ಬೆಣ್ಣೆಯಂತೆ ಹೆಪ್ಪುಗಟ್ಟಿರುತ್ತದೆ. ಒಗ್ಗರಣೆಗೆಂದು ಇಟ್ಟ ಕಡಲೆಕಾಯಿ ಎಣ್ಣೆ ಎಂದಿನಂತೆಯೇ ಹರಿಯುತ್ತದೆ. ಚಳಿ ಎರಡಕ್ಕೂ ಒಂದೇ. ಹಾಗಾದರೆ ಈ ಭೇದವೇಕೆ?

ಸರಪಣಿಯ ಗುಟ್ಟು

ಇವೆರಡೂ ಮೇದಸ್ಸಿನ ಕುಲಕ್ಕೆ ಸೇರಿದ ಎಣ್ಣೆಗಳು. ಇವುಗಳ ಒಂದೊಂದು ಅಣುವಿನಲ್ಲಿಯೂ ಗ್ಲಿಸರಿನ್ನಿಗೆ ಮೂರು ಮೇದಾಮ್ಲಗಳು ಅಂಟಿಕೊಂಡಿರುತ್ತವೆ. ಮೇದಾಮ್ಲವೆಂದರೆ ಇಂಗಾಲದ ಪರಮಾಣುಗಳ ಉದ್ದನೆಯ ಸರಪಣಿ. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜಲಜನಕದಿಂದ ಪೂರ್ಣವಾಗಿ ತುಂಬಿದವು. ಇಂಥ ನೇರವಾದ ಸರಪಣಿಗಳು ಅಟ್ಟಿದ ಸೌದೆಯಂತೆ ಒತ್ತಾಗಿ ಜೋಡಿಕೊಳ್ಳುತ್ತವೆ. ಆದುದರಿಂದ ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆಯ ಬಹುಪಾಲು ಸರಪಣಿಗಳಲ್ಲಿಯಾದರೋ ಅಲ್ಲಲ್ಲಿ ಜೋಡಿ ಬಂಧಗಳುಂಟು. ಅಲ್ಲಿ ಸರಪಣಿ ಸೊಟ್ಟಗಾಗುತ್ತದೆ. ಸೊಟ್ಟ ಸೌದೆ ಒತ್ತಾಗಿ ಕೂರುವುದೆಂತು?

ಜೋಡಿ ಬಂಧಗಳಿಗೆ ಗಾಳಿಯ ಆಮ್ಲಜನಕವನ್ನು ಹಿಡಿಯುವ ಗುಣವಿದೆ. ಹಳೆಯ ಎಣ್ಣೆ ಕಮಟುವುದಕ್ಕೆ ಇದೊಂದು ಕಾರಣ. ಅಗಸೆ ಎಣ್ಣೆಯಲ್ಲಿ ಈ ಬಂಧಗಳು ಹೆಚ್ಚಾಗಿರುವುದರಿಂದ ಅದು ಗಾಳಿಯಲ್ಲಿ ಒಣಗಿ ಗಟ್ಟಿ ಪೊರೆಯಾಗುತ್ತದೆ. ಬಣ್ಣಗಳಲ್ಲಿ ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಈ ಕ್ರಿಯೆಯಲ್ಲಿ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ತಾವಾಗಿಯೇ ಹೊತ್ತಿಕೊಳ್ಳಬಹುದು.

ಮೇದಸ್ಸಿನ ಎಣ್ಣೆಯನ್ನು ಕಾಸ್ಟಿಕ್ ಸೋಡದೊಡನೆ ಕಾಯಿಸಿದರೆ ಸಾಬೂನು ಆಗುತ್ತದೆ, ಗ್ಲಿಸರಿನ್ ಬೇರೆಯಾಗುತ್ತದೆ. ಒಂದು ಕಿಲೋಗ್ರಾಂ ಕಡಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ ಸೋಡ ಸಾಕು. ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಬೇಕು. ಕೊಬ್ಬರಿ ಎಣ್ಣೆಯ ಸರಪಣಿಗಳು ಗಿಡ್ಡವಾದುದರಿಂದ ಅಷ್ಟೇ ತೂಕದಲ್ಲಿ ಹೆಚ್ಚು ಅಣುಗಳಿರುವುದೇ ಇದಕ್ಕೆ ಕಾರಣ.

ಹೊಂಗೆ ಎಣ್ಣೆಯೂ ಇದೇ ಕುಲದ್ದು. ಕಹಿಯಾದ ಅದು ತಿನ್ನಲು ಬಾರದು. ಆದರೆ ತಲೆಮಾರುಗಳ ಕಾಲ ನಮ್ಮ ಹಳ್ಳಿಗಳ ದೀಪಗಳನ್ನು ಬೆಳಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಅದರಿಂದ ಡೀಸೆಲ್ ಯಂತ್ರಗಳನ್ನೇ ನಡೆಸಿ ತೋರಿಸಿದರು.

ಉಳಿದೆರಡು ಕುಲಗಳು

ಕಾಗದದ ಮೇಲೆ ಕಡಲೆಕಾಯಿ ಎಣ್ಣೆಯ ಹನಿಯೊಂದನ್ನೂ ನೀಲಗಿರಿ ಎಣ್ಣೆಯ ಹನಿಯೊಂದನ್ನೂ ಇಡಿರಿ. ಮೊದಲನೆಯ ಕಲೆ ಉಳಿಯುತ್ತದೆ; ಎರಡನೆಯದು ಮೆಲ್ಲಮೆಲ್ಲನೆ ಆರಿಹೋಗುತ್ತದೆ. ನೀಲಗಿರಿ ಎಣ್ಣೆ ಸುಗಂಧ ತೈಲಗಳ ಕುಲದ್ದು. ಶ್ರೀಗಂಧದ ಎಣ್ಣೆಯೂ ಈ ಕುಲಕ್ಕೇ ಸೇರಿದರೂ ಬಲು ನಿಧಾನವಾಗಿ ಆವಿಯಾಗುತ್ತದೆ. ಅದರ ಪರಿಮಳ ಬಹುಕಾಲ ನಿಲ್ಲುವುದು ಇದರಿಂದಲೇ. ಗಂಧದ ಚಕ್ಕೆಗಳ ನಡುವೆ ಹಬೆಯನ್ನು ಹಾಯಿಸಿ ಈ ಎಣ್ಣೆಯನ್ನು ಬಟ್ಟಿ ಇಳಿಸುತ್ತಾರೆ. ಇದಕ್ಕಾಗಿ ಲಕ್ಕವಳ್ಳಿಗೆ ಸಮೀಪದ ಶಿವಮೊಗ್ಗದಲ್ಲಿ 1944ರಲ್ಲಿ ಕಾರ್ಖಾನೆಯೊಂದು ಸ್ಥಾಪಿತವಾಯಿತು.

ಮೂರನೆಯ ಕುಲ ಭೂಗರ್ಭದ ಖನಿಜ ತೈಲ. ಇದರಲ್ಲಿರುವುದು ಮುಖ್ಯವಾಗಿ ಇಂಗಾಲ, ಜಲಜನಕಗಳೇ, ಮೇದಾಮ್ಲವಿಲ್ಲವಾದ್ದರಿಂದ ಸಾಬೂನಾಗದು. ವಿದ್ಯುದಾಗಾರಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ತಂತಿಯ ಸುರುಳಿಗಳು ಇಂಥ ಎಣ್ಣೆಯಲ್ಲಿಯೇ ಮುಳುಗಿರುತ್ತವೆ. ಅದು ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಹೊರಗೊಯ್ಯುತ್ತದೆ. ತುಸು ತೇವ ಸೇರಿದರೂ ತಡೆಯುವ ಶಕ್ತಿ ಕುಗ್ಗುವುದರಿಂದ, ಒಳಸೇರುವ ಗಾಳಿಯನ್ನು ಸಿಲಿಕ ಜೆಲ್ ಹರಳುಗಳ ಮೂಲಕ ಹಾಯಿಸಿ ಒಣಗಿಸುತ್ತಾರೆ.

ಎಣ್ಣೆಗೆ ಬೆಂಕಿ ಬಿದ್ದಾಗ

ಎಣ್ಣೆಯ ಗುಣಗಳ ಅರಿವು ಜೀವವನ್ನೂ ಉಳಿಸಬಲ್ಲುದು. ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ಗಾಬರಿಯಲ್ಲಿ ನೀರು ಸುರಿಯುವವರುಂಟು. ಇದಕ್ಕಿಂತ ಅಪಾಯ ಮತ್ತೊಂದಿಲ್ಲ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ. ನೀರು ಅದಕ್ಕಿಂತ ಭಾರ, ಆದುದರಿಂದ ತಳಕ್ಕಿಳಿಯುತ್ತದೆ. ಹೊತ್ತಿ ಉರಿಯುವ ಎಣ್ಣೆಯ ಉಷ್ಣತೆ 300 ಡಿಗ್ರಿಗೂ ಹೆಚ್ಚು; ನೀರು ಕುದಿಯುವುದು 100 ಡಿಗ್ರಿಯಲ್ಲಿ. ತಳ ಸೇರಿದ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗಿ, ಉರಿಯುವ ಎಣ್ಣೆಯನ್ನು ಮಾಡಿನವರೆಗೂ ಚಿಮ್ಮಿಸುತ್ತದೆ.

ಮಾಡಬೇಕಾದುದಿಷ್ಟೆ: ಒಲೆಯನ್ನು ಆರಿಸಿ, ಬಾಣಲೆಯನ್ನು ಕದಲಿಸದೆ ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿರಿ. ಆಮ್ಲಜನಕ ಸಿಗದೆ ಬೆಂಕಿ ನಂದುತ್ತದೆ. ಎಣ್ಣೆ ಪೂರ್ತಿ ತಣಿಯುವವರೆಗೆ ಮುಚ್ಚಳವನ್ನು ತೆಗೆಯಬಾರದು. ಈ ಪಾಠವನ್ನು ಓದಿದವರು ಇಂದೇ ಮನೆಯವರೆಲ್ಲರಿಗೂ ತಿಳಿಸುವರೆಂದು ನಂಬುತ್ತೇವೆ.