ಝಿಂಕ್ ಎಂದಷ್ಟೇ ಹೇಳಿದರೆ ಸಾಲದು



ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ಕೃಷಿಕರು ಎರಡು ಪೊಟ್ಟಣ ಹಿಡಿದುಕೊಂಡು ಬಂದರು. ಒಂದು ಗದ್ದೆಗೆ, ಇನ್ನೊಂದು ಇಲಿಗೆ. "ಫಾದರ್, ಎರಡರ ಮೇಲೂ ಝಿಂಕ್ ಎಂದು ಉಂಟಲ್ಲ, ಎರಡೂ ಒಂದೆಯೋ?" ಎಂದು ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ಒಂದು ಪೈರಿಗೆ ಆಹಾರ. ಇನ್ನೊಂದು ಮನುಷ್ಯನನ್ನೂ ಕೊಲ್ಲುವ ವಿಷ. ನಮ್ಮ ಕಾಸರಗೋಡಿನ ಕಡೆ ಪೊಟ್ಟಣದ ಬರಹ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುವುದರಿಂದ ಹೆಸರು ತಿಳಿದಿರುವುದು ಅಗತ್ಯ.

ಝಿಂಕ್ ಎಂದರೆ ಸತು. ಸೂತ್ರದಲ್ಲಿ ಅದರ ಗುರುತು ಝಡ್-ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ. ಹೆಸರಿನ ಎರಡನೆಯ ಪದವು ಸತು ಯಾವುದರೊಡನೆ ಕೂಡಿದೆ ಎಂದು ತಿಳಿಸುತ್ತದೆ. ಆ ಪದ 'ಐಡ್' ಎಂದು ಮುಗಿದರೆ ಸಾಮಾನ್ಯವಾಗಿ ಸತುವಿನ ಜೊತೆಗಿರುವುದು ಇನ್ನೊಂದೇ ಮೂಲವಸ್ತು. 'ಏಟ್' ಎಂದು ಮುಗಿದರೆ ಅದರೊಡನೆ ಆಮ್ಲಜನಕವೂ ಸೇರಿದೆ.

ಝಿಂಕ್ ಸಲ್ಫೇಟ್: ಒಂದು ಪರಮಾಣು ಸತು, ಒಂದು ಗಂಧಕ, ನಾಲ್ಕು ಆಮ್ಲಜನಕ. ಭತ್ತದ ಎಲೆಯಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಬರುವ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು 1966ರಲ್ಲಿ ಪಂತನಗರದ ವಿಜ್ಞಾನಿ ನೇನೆಯವರು ತೋರಿಸಿಕೊಟ್ಟರು. ಅದಕ್ಕೆ ಕೊಡುವ ಗೊಬ್ಬರ ಇದು. ಸೂತ್ರದ ಕೊನೆಯಲ್ಲಿ ಏಳು ನೀರಿನ ಅಣು ಇದ್ದರೆ ಸತು ಶೇಕಡಾ 21. ಒಂದೇ ನೀರಿನ ಅಣು ಇದ್ದರೆ ಶೇಕಡಾ 33. ಕೊಳ್ಳುವಾಗ ಬೆಲೆಯೊಂದಿಗೆ ಇದನ್ನೂ ನೋಡಿ. ರಂಜಕದ ಗೊಬ್ಬರದೊಡನೆ ಬೆರೆಸಿ ಹಾಕಬೇಡಿ.

ಝಿಂಕ್ ಆಕ್ಸೈಡ್: ಒಂದು ಸತು, ಒಂದು ಆಮ್ಲಜನಕ. ಚರ್ಮಕ್ಕೆ ಹಚ್ಚುವ ಬಿಳಿ ಮುಲಾಮುಗಳಲ್ಲಿರುತ್ತದೆ.

ಝಿಂಕ್ ಫಾಸ್ಫೈಡ್: ಮೂರು ಸತು, ಎರಡು ರಂಜಕ. ಇದೇ ಇಲಿ ಪಾಷಾಣದ ಬೂದುಗಪ್ಪು ಪುಡಿ. ಹೊಟ್ಟೆಯ ಆಮ್ಲ ತಾಗಿದೊಡನೆ ಇದರ ರಂಜಕವು ಜಲಜನಕದೊಡನೆ ಕೂಡಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಝಿಂಕ್ ಫಾಸ್ಫೇಟ್ ಬೇರೆಯೇ ವಸ್ತು. 'ಐಡ್', 'ಏಟ್' ಎಂಬ ಅಷ್ಟು ಸಣ್ಣ ವ್ಯತ್ಯಾಸದಲ್ಲಿ ಎಷ್ಟು ಅಂತರ ನೋಡಿ!

ಇನ್ನೊಂದು ಎಚ್ಚರಿಕೆ. ಮಕ್ಕಳಿಗೆ ಭೇದಿಯಾದಾಗ ಜೀವಜಲದೊಡನೆ ಝಿಂಕ್ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2004ರಿಂದ ಹೇಳುತ್ತಿದೆ. ಆರು ತಿಂಗಳು ದಾಟಿದ ಮಗುವಿಗೆ 2004ರ ಸಲಹೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ ಎಂದಿತ್ತು. ಆ ಮಾತ್ರೆಯಲ್ಲೂ ಹೆಚ್ಚಾಗಿ ಝಿಂಕ್ ಸಲ್ಫೇಟೇ ಇರುವುದು. ಆದರೆ ಅದು ಔಷಧಿಗೆಂದೇ ಶುದ್ಧಿಮಾಡಿ ಅಳೆದದ್ದು. ಹೆಸರು ಒಂದೇ ಎಂದು ಗೊಬ್ಬರವನ್ನು ಯಾರೂ ಬಾಯಿಗೆ ಹಾಕಬಾರದು.

ಆದ್ದರಿಂದ ಅಂಗಡಿಯಲ್ಲಿ "ಝಿಂಕ್ ಕೊಡಿ" ಎನ್ನದೆ ಪೂರ್ತಿ ಹೆಸರು ಹೇಳಿ. ಪುಡಿಯನ್ನು ಹಳೆಯ ಡಬ್ಬಕ್ಕೆ ಸುರಿಯದೆ ಬಂದ ಪೊಟ್ಟಣದಲ್ಲೇ ಇಡಿ. ಇಲಿ ಪಾಷಾಣವನ್ನು ಗೊಬ್ಬರ, ಧಾನ್ಯಗಳಿಂದ ದೂರ, ಬೀಗದೊಳಗೆ ಇಡಿ. ತಪ್ಪಿ ಯಾರಾದರೂ ತಿಂದರೆ, ಆರಾಮವಾಗಿ ಕಂಡರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಪೊಟ್ಟಣವನ್ನೂ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅದರ ಪೂರ್ತಿ ಹೆಸರನ್ನೇ.