ಮಾಡುವುದು ಮತ್ತು ಮಾಡಿಕೊಳ್ಳುವುದು

ಕಳೆದ ದೀಪಾವಳಿಯ ಸಂಗತಿ. ನನ್ನ ಅಕ್ಕನ ಮಗ, ಪುಣೆಯಲ್ಲಿಯೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವನು, ಧಾರವಾಡದ ಅಜ್ಜಿಗೆ ಫೋನು ಮಾಡಿ, “ಅಜ್ಜೀ, ಮುಂದಿನ ವರ್ಷ ನಾ ಲಗ್ನ ಮಾಡ್ತೀನಿ” ಎಂದ. “ಯಾರದ್ದೋ ತಮ್ಮಾ?” ಎಂದಳು ಅಜ್ಜಿ. ಅದು ಚೇಷ್ಟೆಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಮನೆಯವರೆಲ್ಲ ನಕ್ಕೆವು. ಹುಡುಗನ ಮುಖ ಇಳಿಯಿತು. ಅಂದಿನಿಂದ ಅಜ್ಜಿಯ ಫೋನು ಬಂದರೆ ಅದನ್ನು ತಾಯಿಯ ಕೈಗಿತ್ತು ಎದ್ದುಹೋಗತೊಡಗಿದ. ನಕ್ಕವರಲ್ಲಿ ನಾನೂ ಒಬ್ಬನಾದ್ದರಿಂದ ಈ ನಾಲ್ಕು ಮಾತು.

ಅವನ ತಪ್ಪಾದರೂ ಏನು? ಮರಾಠಿಯಲ್ಲಿ ‘ಲಗ್ನ ಕರಣೆ’ ಎಂದರೆ ತಾನೇ ಮದುವೆಯಾಗುವುದು. ಮಗಳ ಲಗ್ನವನ್ನಾದರೆ ತಂದೆ ‘ಲಾವೂನ್ ದೇತೋ’. ಕನ್ನಡದಲ್ಲಿ ಮದುವೆ ಮಾಡುವವರು ಹಿರಿಯರು, ಮಾಡಿಕೊಳ್ಳುವವರು ಮಕ್ಕಳು. ಎಲ್ಲ ಭೇದವೂ ಆ ‘ಕೊಳ್ಳು’ ಎಂಬುದರಲ್ಲಿದೆ.

ನಾನು ವೈಯಾಕರಣಿಯಲ್ಲ, ಬರಿಯ ಕಾರಕೂನ. ಆದರೂ ತಿಳಿದಷ್ಟು ಹೇಳುತ್ತೇನೆ. ‘ಕೊಳ್ಳು’ ಎಂದರೆ ಪಡೆ, ಕ್ರಯಕ್ಕೆ ತೆಗೆದುಕೊ. ಅದು ಬೇರೊಂದು ಕ್ರಿಯಾಪದದ ಬೆನ್ನಿಗೆ ಸೇರಿದಾಗ ಕೆಲಸದ ಫಲ ಮಾಡಿದವನ ಕಡೆಗೇ ತಿರುಗುತ್ತದೆ. 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ವ್ಯಾಕರಣದಲ್ಲಿಯೂ ಇದರ ವಿವರಣೆಯುಂಟು. ತಮಿಳು, ತೆಲುಗುಗಳಲ್ಲಿ ಇದರ ಒಡಹುಟ್ಟುಗಳಿವೆ. ಪಾತ್ರೆ ತೊಳೆಯುತ್ತೇವೆ, ಕೈ ತೊಳೆದುಕೊಳ್ಳುತ್ತೇವೆ. ಮರಾಠಿಗೆ ‘ಹಾತ್ ಧೂ’ ಎಂದರೆ ಸಾಕು.

ಮರಾಠಿಯಲ್ಲಿಯೂ ‘ಘೇಣೆ’ ಇದೆಯಲ್ಲ ಎನ್ನಬಹುದು. ಇದೆ; ‘ಸಮಜೂನ್ ಘೇ’ ಎಂದರೆ ತಿಳಿದುಕೊ. ಆದರೆ ಅದನ್ನು ನಂಬಿ ನಾನೇ ಕೆಟ್ಟಿದ್ದೇನೆ. ನೌಕರಿಯ ಮೊದಲ ತಿಂಗಳು ಮೇಲಧಿಕಾರಿಗಳು ಹಳೆಯ ಕಡತಗಳ ರಾಶಿ ತೋರಿಸಿ, “ಹೇ ಕಾಮ ಕರೂನ್ ಘ್ಯಾ” ಎಂದರು. ‘ಮಾಡಿಕೊಳ್ಳಿ’ ಎಂದು ಅರ್ಥಮಾಡಿಕೊಂಡು ಒಬ್ಬನೇ ಸಂಜೆಯವರೆಗೆ ಕಟ್ಟು ಕಟ್ಟಿದೆ. ಅವರು ಹೇಳಿದ್ದು ‘ಮಾಡಿಸಿಕೊಳ್ಳಿ’ ಎಂದು! ಸಿಪಾಯಿಗಳು ಹೊರಗೆ ಚಹಾ ಕುಡಿಯುತ್ತ ಕೂತಿದ್ದರು.

ಇರಲಿ. ಹುಡುಗನ ತಂಗಿ ಈಗ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತಾಳೆ. ಒಂದು ರವಿವಾರ, “ಮಾಮಾ, ಈ ‘ಸೆ’ ಎಂಬುದು ತಲೀಗೆ ಹತ್ತವಲ್ದು” ಎಂದು ಪುಸ್ತಕ ತಂದಳು. ಆ ಭಾಷೆಯಲ್ಲಿ ‘ಲಾವೊ ಎಲ್ ಕೋಚೆ’ ಎಂದರೆ ಕಾರು ತೊಳೆಯುತ್ತೇನೆ. ‘ಮೆ ಲಾವೊ ಲಾಸ್ ಮಾನೊಸ್’ ಎಂದರೆ ಕೈ ತೊಳೆದುಕೊಳ್ಳುತ್ತೇನೆ. ‘ಲಾ ಪುಎರ್ತಾ ಸೆ ಅಬ್ರಿಯೊ’ ಎಂದರೆ ಬಾಗಿಲು ತೆರೆದುಕೊಂಡಿತು. ಇದು ನಮ್ಮ ‘ಕೊಳ್ಳು’ವೇ ಅಲ್ಲವೇ! ಅಲ್ಲಿ ನಾನು, ನೀನು, ಅವನು ಎಂಬುದಕ್ಕೆ ತಕ್ಕಂತೆ ‘ಮೆ, ತೆ, ಸೆ’ ಎಂದು ಬದಲಾಗುತ್ತದೆ. ನಮ್ಮಲ್ಲಿ ‘ಕೊಳ್ಳು’ ಒಂದೇ ಎಲ್ಲರಿಗೂ ನಡೆಯುತ್ತದೆ. ಎಲ್ಲೆಡೆಗೂ ಈ ಹೋಲಿಕೆ ಸಾಗದು. ‘ದೊರ್ಮಿರ್’ ಎಂದರೆ ನಿದ್ರಿಸು, ‘ದೊರ್ಮಿರ್‌ಸೆ’ ಎಂದರೆ ನಿದ್ದೆ ಹತ್ತುವುದು. ‘ಇರ್’ ಎಂದರೆ ಹೋಗು, ‘ಇರ್‌ಸೆ’ ಎಂದರೆ ಹೊರಟುಹೋಗು. ಇಲ್ಲಿ ನಮ್ಮ ‘ಕೊಳ್ಳು’ ಕೈಕೊಡುತ್ತದೆ.

ನಮ್ಮದೇನು ಕಡಿಮೆ ತೊಡಕೇ? ನಡೆಯುವುದು ಕಾಲಿನ ಕೆಲಸ, ನಡೆದುಕೊಳ್ಳುವುದು ಗುಣದ ಮಾತು. ಅನ್ನುವುದು ಬಾಯಿಂದ, ಅಂದುಕೊಳ್ಳುವುದು ಮನಸ್ಸಿನೊಳಗೆ. ದೀಪ ಹಚ್ಚುತ್ತೇವೆ, ಮಕ್ಕಳನ್ನು ಹಚ್ಚಿಕೊಳ್ಳುತ್ತೇವೆ. ಇವನ್ನೆಲ್ಲ ಸೂತ್ರದಿಂದ ಕಲಿಸಲಾಗದು. ಮನೆಯಲ್ಲಿ ಕಿವಿಗೆ ಬಿದ್ದೇ ಬರಬೇಕು. ಆ ಹುಡುಗನ ಕಿವಿಗೆ ನಾವು ಎಷ್ಟು ಹಾಕಿದ್ದೆವು?

ನಾವು ಹೀಗೆ ಮಾತಾಡುವಾಗ ಅವನು ಬಾಗಿಲ ಬಳಿ ನಿಂತು ಕೇಳುತ್ತಿದ್ದನೆಂದು ಆಮೇಲೆ ತಿಳಿಯಿತು. ಮುಂದಿನ ವಾರ ತಾನೇ ಫೋನು ಎತ್ತಿ, “ಅಜ್ಜೀ, ಇಲ್ಲೆ ಭಾಳ ಮಳಿ ಬಂದ್ಕೊಂಡದ” ಎಂದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಈ ಸಲ ಏನೂ ಕೇಳಲಿಲ್ಲ.

“ಹೌದೇನು? ಛತ್ರಿ ತೊಗೊಂಡು ಹೋಗಪಾ, ಆರೋಗ್ಯ ನೋಡ್ಕೋ” ಎಂದಳು.